ರೆಪ್ಪೆಯ ರಿಫ್ಲೆಕ್ಸ್ ಮತ್ತು ಕನಸಿನಲ್ಲಿ ಒದೆಯುವ ಕಾಯಿಲೆ

ರೆಮ್ ನಿದ್ರೆಯಲ್ಲಿ, ಅಂದರೆ ಕನಸು ಹೆಚ್ಚಾಗಿ ಬೀಳುವ ನಿದ್ರೆಯ ಹಂತದಲ್ಲಿ, ಸ್ನಾಯುಗಳು ಸಡಿಲವಾಗಿ ಬಿದ್ದಿರಬೇಕು. ಅವನ್ನು ಹಾಗೆ ಸಡಿಲವಾಗಿಡುವುದು ಮಿದುಳುಕಾಂಡ, ಅಂದರೆ ಮಿದುಳಿನ ಬುಡದ ಭಾಗ; ಅದರ ಹಿಡಿತ ತಪ್ಪಿದರೆ ಮನುಷ್ಯ ಕನಸು ಕಂಡಂತೆಯೇ ಒದೆಯುತ್ತಾನೆ, ಕೂಗುತ್ತಾನೆ. ಇಂಥ ಎಷ್ಟೋ ಜನರಿಗೆ ವರ್ಷಗಳ ನಂತರ ಪಾರ್ಕಿನ್ಸನ್ ಬರುತ್ತದೆ, ಹಾಗಾಗಿ ಇದನ್ನು ದಯವಿಟ್ಟು ಕೆಟ್ಟ ಕನಸೆಂದು ತಳ್ಳಿಹಾಕಬೇಡಿ.

ಅದೇ ಮಿದುಳುಕಾಂಡವನ್ನು ಎಚ್ಚರದಲ್ಲೇ ಪರೀಕ್ಷಿಸಲು ರೆಪ್ಪೆ ಮಿಟುಕಿಸುವ ರಿಫ್ಲೆಕ್ಸ್ (ತಾನಾಗಿಯೇ ಆಗುವ ಪ್ರತಿಕ್ರಿಯೆ) ಇದೆ. ಹುಬ್ಬಿನ ಮೇಲಿನ ನರಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟರೆ ಅದೇ ಬದಿಯಲ್ಲಿ ಸುಮಾರು 10 ಮಿಲಿಸೆಕೆಂಡಿಗೆ ರೆಪ್ಪೆಯ ಸ್ನಾಯುವಿನ ಮೊದಲ ಪ್ರತಿಕ್ರಿಯೆ ಆರ್1, ಎರಡೂ ಬದಿಯಲ್ಲಿ 30ರ ಆಸುಪಾಸಿಗೆ ಎರಡನೆಯ ಪ್ರತಿಕ್ರಿಯೆ ಆರ್2 ಕಾಣುತ್ತದೆ. ಒಂದರ ಹಿಂದೆ ಒಂದು ಜೋಡಿ ಪ್ರಚೋದನೆ ಕೊಟ್ಟಾಗ ಎರಡನೆಯದಕ್ಕೆ ಬರುವ ಆರ್2 ಕುಗ್ಗಬೇಕು. ಪಾರ್ಕಿನ್ಸನ್‌ನಲ್ಲಿ ಅದು ಬೇಗ ಚೇತರಿಸಿಕೊಳ್ಳುತ್ತದೆ. ಆದರೆ ಪರೀಕ್ಷಿಸುವಾಗ ಬಿಡುವು ಕೊಡದೆ ಮತ್ತೆ ಮತ್ತೆ ಪ್ರಚೋದಿಸಿದರೆ ಆರ್2 ಒಗ್ಗಿಹೋಗಿ ಮಂಕಾಗುತ್ತದೆ.

ಕನಸಿನಲ್ಲಿ ಒದೆಯುವ ಈ ಕಾಯಿಲೆಯನ್ನು ಖಚಿತಪಡಿಸಲು ಮಾತ್ರ ವಿಡಿಯೊ ಸಹಿತ ನಿದ್ರಾ ಪರೀಕ್ಷೆಯೇ ಬೇಕು. ಗದ್ದದ ಜೊತೆ ಮುಂಗೈ ಸ್ನಾಯುವಿಗೂ ಎಲೆಕ್ಟ್ರೋಡ್ ಹಾಕಿಸಿ: ಗದ್ದ ಸುಮ್ಮನಿದ್ದು ಕೈ ಮಾತ್ರ ಆಡುವುದುಂಟು.