ಮನಸ್ಸು ಬೇಡ ಅಂತಿದೆ, ಕೇಳಲಾ?

ಅವಸರದ ಬದುಕಿನ ಬಗ್ಗೆ ಬರೆಯಲು ಶುರು ಮಾಡಿದ ಮೇಲೆ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದೇ. "ನೋಡೋಕೆ ಎಲ್ಲಾ ಸರಿಯಾಗೇ ಇದೆ, ಆದರೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಮನಸ್ಸಿನ ಮಾತು ಕೇಳಲಾ, ಬಿಡಲಾ?" ಕೆಲವರಿಗೆ ಕೆಲಸ ಬದಲಿಸುವ ಚಿಂತೆ, ಕೆಲವರಿಗೆ ಮನೆ ಕೊಳ್ಳುವ ಚಿಂತೆ, ತುಂಬಾ ಜನರಿಗೆ ಮದುವೆಯದು. ಇದರ ಜೊತೆಗೇ ಒಂದು ನಂಬಿಕೆಯೂ ಇರುತ್ತದೆ: ಸ್ವಲ್ಪ ನಿಧಾನವಾಗಿ, ಕಣ್ಣು ಮುಚ್ಚಿ ಸುಮ್ನೆ ಕೂತರೆ ಒಳಗಿನ ದನಿ ತಾನಾಗೇ ಕೇಳಿಸುತ್ತದೆ ಅಂತ.

ನನಗೆ ಹಾಗನ್ನಿಸುವುದಿಲ್ಲ. ಒಳಮನಸ್ಸು ಬಹಳ ಚುರುಕು. ನೀವು ಕಣ್ಣು ಮುಚ್ಚುವ ಮೊದಲೇ ಅದು ಹೇಳುವುದನ್ನು ಹೇಳಿ ಮುಗಿಸಿರುತ್ತದೆ. ಏನನ್ನು ನೋಡಿ ಹಾಗೆ ಹೇಳಿತು ಅಂತ ಹುಡುಕೋಕೆ ಮಾತ್ರ ನಮಗೆ ಸಮಯ ಬೇಕು. ನಿಧಾನ ಬೇಕಿರುವುದು ಅಲ್ಲಿ.

ಗ್ಯಾರಿ ಕ್ಲೈನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲಿ ಅಗ್ನಿಶಾಮಕ ದಳದವರನ್ನು ಕೂರಿಸಿಕೊಂಡು ಮಾತಾಡಿಸಿದರು. ಕ್ಷಣದಲ್ಲಿ ಹೇಗೆ ತೀರ್ಮಾನ ಮಾಡ್ತೀರಿ ಅಂತ ಕೇಳಿದರು. ಒಬ್ಬ ಅಧಿಕಾರಿ ಹೇಳಿದ ಘಟನೆ ಇದು. ಒಂದು ಮನೆಯ ಹಿಂಭಾಗದಲ್ಲಿ, ಅಡುಗೆಮನೆಯ ಕಡೆ ಬೆಂಕಿ. ತಂಡ ಒಳಗೆ ಹೋಗಿ ನೀರು ಹಾಯಿಸಿತು. ಬೆಂಕಿ ಬಗ್ಗಲಿಲ್ಲ. ಮತ್ತೆ ಹಾಯಿಸಿದರು, ಮತ್ತೂ ಬಗ್ಗಲಿಲ್ಲ. ಆ ಅಧಿಕಾರಿಗೆ ಏನೋ ಸರಿಯಿಲ್ಲ ಅನ್ನಿಸಿತು. ಏನು ಅಂತ ಗೊತ್ತಿಲ್ಲ. "ಎಲ್ಲರೂ ಹೊರಗೆ!" ಅಂತ ಕೂಗಿದರು. ತಂಡ ಹೊರಬಂದ ಸ್ವಲ್ಪ ಹೊತ್ತಿಗೆ ಅವರು ನಿಂತಿದ್ದ ನೆಲವೇ ಕುಸಿಯಿತು. ಬೆಂಕಿಯ ಮೂಲ ಇದ್ದದ್ದು ಕೆಳಗೆ, ನೆಲಮಾಳಿಗೆಯಲ್ಲಿ. ಆ ಮನೆಗೆ ನೆಲಮಾಳಿಗೆ ಇದೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ.

ತನಗೆ ಯಾವುದೋ ಆರನೇ ಇಂದ್ರಿಯ ಇದೆ ಅಂತಲೇ ಆ ಅಧಿಕಾರಿ ನಂಬಿದ್ದರು. ಕ್ಲೈನ್ ಬಿಡಲಿಲ್ಲ, ಕೆದಕಿ ಕೆದಕಿ ಕೇಳಿದರು. ಆಗ ಒಂದೊಂದೇ ಹೊರಗೆ ಬಂತು. ಅಷ್ಟು ಸಣ್ಣ ಅಡುಗೆಮನೆ ಬೆಂಕಿಗೆ ಆ ಕೋಣೆ ಅಷ್ಟೊಂದು ಬಿಸಿ ಇರಬಾರದಿತ್ತು. ಅಷ್ಟು ಬಿಸಿ ಇರುವ ಬೆಂಕಿ ಸದ್ದು ಮಾಡಬೇಕಿತ್ತು, ಮಾಡುತ್ತಿರಲಿಲ್ಲ. ನೀರಿಗೆ ಬಗ್ಗಬೇಕಿತ್ತು, ಬಗ್ಗಲಿಲ್ಲ. ವರ್ಷಗಟ್ಟಲೆ ನೋಡಿದ ಬೆಂಕಿಗಳ ಜೊತೆ ಈ ಬೆಂಕಿ ಹೊಂದುತ್ತಿರಲಿಲ್ಲ, ಅಷ್ಟೇ. ಅವರು ಅದನ್ನು ಮಾತಿಗೆ ತರುವ ಮೊದಲೇ ಅವರ ಅನುಭವ ಅದನ್ನು ಗುರುತಿಸಿತ್ತು.

ಚೆಸ್ ಆಟಗಾರರ ಮೇಲೆ ಸಂಶೋಧಕರಾದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ತೋರಿಸುತ್ತದೆ. ನಿಜವಾದ ಆಟದ ನಡುವಿನ ಹಲಗೆಯನ್ನು 5 ಸೆಕೆಂಡ್ ತೋರಿಸಿ ಮುಚ್ಚಿದರೆ, ಪಳಗಿದ ಆಟಗಾರ ಬಹುಪಾಲು ಕಾಯಿಗಳನ್ನು ಇದ್ದಲ್ಲೇ ಇಡುತ್ತಾನೆ. ಹೊಸಬನಿಂದ ಅದು ಆಗುವುದಿಲ್ಲ. ಆದರೆ ಕಾಯಿಗಳನ್ನು ಅಡ್ಡಾದಿಡ್ಡಿ ಹರಡಿ ತೋರಿಸಿದರೆ ಪಳಗಿದವನೂ ಹೊಸಬನ ಹಾಗೇ ತಡಕಾಡುತ್ತಾನೆ. ಅವನ ನೆನಪಿನ ಶಕ್ತಿ ದೊಡ್ಡದೇನಲ್ಲ. ಕಂಡದ್ದನ್ನು ಮತ್ತೆ ಕಂಡಾಗ ಗುರುತು ಹಿಡಿಯುತ್ತಾನೆ.

ಹಾಗಾದರೆ ನನ್ನ ಮೊದಲ ಪ್ರಶ್ನೆ: ಈ ವಿಷಯದಲ್ಲಿ ನಿಮ್ಮ ಮನಸ್ಸು ಪಳಗಿದೆಯಾ?

ಇದನ್ನು ನಾನು ಸುಮ್ನೆ ಹೇಳ್ತಿಲ್ಲ. ಅಂತಃಪ್ರಜ್ಞೆಯ, ಅಂದರೆ ಒಳಮನಸ್ಸಿನ ಇಂಥ ಅನಿಸಿಕೆಯ ಪರವಾಗಿ ಮಾತಾಡುತ್ತಿದ್ದ ಕ್ಲೈನ್, ಅದನ್ನು ಸದಾ ಅನುಮಾನದಿಂದ ನೋಡುತ್ತಿದ್ದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್, ಇಬ್ಬರೂ ಸೇರಿ 2009ರಲ್ಲಿ ಒಂದು ಲೇಖನ ಬರೆದರು. ಜಗಳ ಆಗಬಹುದು ಅಂದುಕೊಂಡರೆ ಬಹುಪಾಲು ಒಪ್ಪಂದವೇ ಆಯಿತು. ಅನಿಸಿಕೆಯನ್ನು ನಂಬಬೇಕಾದರೆ ಎರಡು ಇರಬೇಕು ಅಂದರು. ಆ ಕ್ಷೇತ್ರದಲ್ಲಿ ಒಂದು ಕ್ರಮ ಇರಬೇಕು, ಅಂದರೆ ಇಂಥದ್ದು ಕಂಡರೆ ಸಾಮಾನ್ಯವಾಗಿ ಇಂಥದ್ದೇ ಆಗುತ್ತದೆ ಅನ್ನುವ ಹಾಗಿರಬೇಕು. ಜೊತೆಗೆ, ತಪ್ಪಿದಾಗ ತಪ್ಪಿದೆ ಅಂತ ಬೇಗ ಗೊತ್ತಾಗುವ ಹಾಗೆ ಅಲ್ಲಿ ಬಹಳ ಕಾಲ ಕೆಲಸ ಮಾಡಿರಬೇಕು. ನರ್ಸ್‌ಗೆ, ಬೆಂಕಿ ಆರಿಸುವವರಿಗೆ ಇದು ಸಿಗುತ್ತದೆ. ಯಾವ ಷೇರು ಏರುತ್ತದೆ ಅಂತ ಹೇಳುವವರಿಗೆ ಸಿಗುವುದಿಲ್ಲ, ಅವರು ಎಷ್ಟೇ ವರ್ಷ ಅದನ್ನೇ ಮಾಡಿರಲಿ. ಇನ್ನೊಂದು ಮಾತನ್ನೂ ಇಬ್ಬರೂ ಒಪ್ಪಿದರು. ನನಗೆ ಎಷ್ಟು ಗಟ್ಟಿಯಾಗಿ ಅನ್ನಿಸುತ್ತಿದೆ ಅನ್ನೋದು ಅದು ಸರಿ ಅನ್ನೋದಕ್ಕೆ ಸಾಕ್ಷಿಯಲ್ಲ. ಬೇಜಾರಿನ ಸಂಗತಿ, ಅಲ್ವಾ?

ದಿನನಿತ್ಯದ ಬದುಕಿನಲ್ಲಿ ನಾವೆಲ್ಲ ಒಂದಲ್ಲ ಒಂದು ವಿಷಯದಲ್ಲಿ ಪಳಗಿರುತ್ತೇವೆ. ಮಗು ಅಳುವ ರೀತಿ ಇವತ್ತು ಬೇರೆ ಥರ ಇದೆ ಅಂತ ತಾಯಿಗೆ ಗೊತ್ತಾಗುತ್ತದೆ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 2024ರಿಂದ ಮಾರ್ಥಾ ನಿಯಮ ಅಂತ ಒಂದು ಜಾರಿಗೆ ಬರುತ್ತಿದೆ. ರೋಗಿಯ ಸ್ಥಿತಿ ಕೆಡುತ್ತಿದೆ ಅಂತ ಮನೆಯವರಿಗೆ ಅನ್ನಿಸಿದರೆ, ಬೇರೊಂದು ತಂಡ ಬಂದು ನೋಡಬೇಕು ಅಂತ ಅವರೇ ಕೇಳಬಹುದು. ಮಾರ್ಥಾ ಅನ್ನುವ 13 ವರ್ಷದ ಹುಡುಗಿ 2021ರಲ್ಲಿ ತೀರಿಕೊಂಡ ಮೇಲೆ ಬಂದದ್ದು ಇದು. ಅವಳ ಅಪ್ಪ ಅಮ್ಮ ತಮ್ಮ ಆತಂಕ ಹೇಳಿಕೊಂಡಿದ್ದರು. ಆಸ್ಪತ್ರೆಯವರು ಕೇಳಿಸಿಕೊಂಡಿರಲಿಲ್ಲ. "ಏನೋ ಸರಿಯಿಲ್ಲ" ಅನ್ನುವ ಮನೆಯವರ ಮಾತನ್ನು ಒಂದು ಇಡೀ ವ್ಯವಸ್ಥೆ ಲೆಕ್ಕಕ್ಕೆ ತೆಗೆದುಕೊಳ್ಳಲು ಹೊರಟಿದೆ ಅನ್ನೋದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಇನ್ನು ಅವಸರ. ನಿಧಾನ ಯಾಕೆ ಬೇಕು ಅನ್ನುವುದಕ್ಕೆ ನನಗೆ ಜಾಸ್ತಿ ನೆನಪಾಗುವುದು 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಅನ್ನುವ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ಹುಡುಗರನ್ನು ಇನ್ನೊಂದು ಕಟ್ಟಡಕ್ಕೆ ಹೋಗಿ ಭಾಷಣ ಮಾಡಿ ಅಂತ ಕಳಿಸಿದರು. ಕೆಲವರ ಭಾಷಣದ ವಿಷಯ, ದಾರಿಯಲ್ಲಿ ಬಿದ್ದವನಿಗೆ ಸಹಾಯ ಮಾಡಿದ ದಯಾವಂತನ ಬೈಬಲ್ ಕಥೆ. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ, ಪ್ರಯೋಗದವರೇ ಕೂರಿಸಿದವನು. ಸಮಯ ಇದ್ದವರಲ್ಲಿ ನೂರಕ್ಕೆ 63 ಮಂದಿ ಏನಾದರೂ ಸಹಾಯಕ್ಕೆ ಮುಂದಾದರು. "ಆಗಲೇ ತಡವಾಗಿದೆ, ಓಡಿ" ಅನ್ನಿಸಿಕೊಂಡವರಲ್ಲಿ ನೂರಕ್ಕೆ 10 ಮಂದಿ. ಭಾಷಣದ ವಿಷಯ ಯಾವುದು ಅನ್ನುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. (ಒಟ್ಟು 40 ಹುಡುಗರು ಮಾತ್ರ, ಹಾಗಾಗಿ ಆ ಅಂಕಿಯನ್ನೇ ವೇದವಾಕ್ಯ ಮಾಡಿಕೊಳ್ಳಬೇಡಿ.) ಅವರೇನು ಕಲ್ಲು ಹೃದಯದವರಲ್ಲ. ಅವಸರದಲ್ಲಿ ಕೆಲವರಿಗೆ ಕಣ್ಣೆದುರಿಗೆ ಇದ್ದದ್ದು ಏನು ಅಂತಲೇ ಹೊಳೆಯಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಗಾದೆ. ನನ್ನ ಪ್ರಕಾರ ಬುದ್ಧಿಗಿಂತ ಮೊದಲು ಮಟ್ಟವಾಗುವುದು ಕಣ್ಣು. ನೋಡದೇ ಇದ್ದದ್ದನ್ನು ಒಳಮನಸ್ಸು ಗುರುತಿಸುವುದಾದರೂ ಹೇಗೆ?

ಮೋಸಗಾರರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. "ಹತ್ತು ನಿಮಿಷದಲ್ಲಿ ನಿಮ್ಮ ಖಾತೆ ಬಂದ್ ಆಗುತ್ತೆ" ಅಂತ ಫೋನ್ ಬರುತ್ತದೆ. "ಫೋನ್ ಇಡಬೇಡಿ" ಅಂತಾರೆ. ಇಟ್ಟು ಒಂದು ಲೋಟ ನೀರು ಕುಡಿದರೆ ಸಾಕು, ಅವರ ಮಾತಿನ ಎಳೆಗಳು ಹೊಂದುತ್ತಿಲ್ಲ ಅಂತ ನಮಗೇ ಹೊಳೆಯುತ್ತದೆ. ಅದಕ್ಕೇ ಇಡಲು ಬಿಡುವುದಿಲ್ಲ.

ಹೆದರಿಕೆಗೂ ಅನಿಸಿಕೆಗೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ ಅಂತಲೂ ಕೇಳುತ್ತಾರೆ. ಮೈಯನ್ನು ಕೇಳಿ ಅನ್ನುವವರಿದ್ದಾರೆ. ನಾನು ಮೈಯನ್ನು ಅಷ್ಟು ನಂಬುವುದಿಲ್ಲ. ಎದೆ ಹೊಡೆದುಕೊಳ್ಳುತ್ತಿದೆ ಅನ್ನೋದು ಮೈಗೆ ಗೊತ್ತು, ಯಾಕೆ ಅನ್ನೋದು ಗೊತ್ತಿರಬೇಕು ಅಂತೇನಿಲ್ಲ. ಅದು ಕಾಫಿಯೋ, ನಿದ್ದೆಗೆಟ್ಟದ್ದೋ, ನಿಜವಾದ ಅಪಾಯವೋ. ಅದಕ್ಕೆ ನಾನು ಕ್ಲೈನ್ ಮಾಡಿದ್ದನ್ನೇ ಮಾಡುತ್ತೇನೆ, ನನ್ನನ್ನೇ ಕೆದಕಿ ಕೇಳಿಕೊಳ್ಳುತ್ತೇನೆ. ಯಾವ ಕ್ಷಣದಲ್ಲಿ ಹಾಗನ್ನಿಸಿತು? ಆಗ ಏನು ಕಂಡೆ, ಏನು ಕೇಳಿದೆ? ಅನಿಸಿಕೆಯಾದರೆ ಸಾಮಾನ್ಯವಾಗಿ ಒಂದು ಸಣ್ಣ ಎಳೆ ಸಿಗುತ್ತದೆ: ಸಂಬಳದ ಮಾತು ಬಂದಾಗ ಅವರು ವಿಷಯ ಬದಲಿಸಿದರು, ಗೋಡೆಯ ಒಂದು ಭಾಗಕ್ಕೆ ಮಾತ್ರ ಹೊಸ ಬಣ್ಣ ಇತ್ತು. ಹೆದರಿಕೆಯಾದರೆ ಸಿಗುವುದು ಬರೀ "ಹಾಗಾದರೆ? ಹೀಗಾದರೆ?" ಅನ್ನುವ ಸರಮಾಲೆ. ಎಲ್ಲ ಸಲವೂ ಇಷ್ಟು ಚೊಕ್ಕವಾಗಿ ಬೇರೆಯಾಗುವುದಿಲ್ಲ, ಆದರೆ ಬಹಳಷ್ಟು ಸಲ ಆಗುತ್ತದೆ.

ಒಂದು ಕಡೆ ಮಾತ್ರ ಈ ವಿಚಾರಣೆಯೆಲ್ಲ ಬೇಡ. ಕತ್ತಲೆಯಲ್ಲಿ ಹಿಂದೆ ಬರುತ್ತಿರುವವನ ಬಗ್ಗೆ ಅನುಮಾನ ಬಂದರೆ ದಾರಿ ಬದಲಿಸಿ, ಕಾರಣ ಆಮೇಲೆ ಹುಡುಕಿ. ಅನುಮಾನ ತಪ್ಪಾದರೆ ನಾಲ್ಕು ಹೆಜ್ಜೆ ಜಾಸ್ತಿ ನಡೆದಿರುತ್ತೀರಿ, ಅಷ್ಟೇ.

ಮದುವೆಯ ಪ್ರಶ್ನೆಗೆ ಬರುತ್ತೇನೆ. ಮದುವೆ ಆಗುವುದರಲ್ಲಿ ಯಾರೂ ಪಳಗಿರುವುದಿಲ್ಲ, ಹಾಗಾಗಿ "ಈ ಮದುವೆ ಸರಿಹೋಗಲ್ಲ" ಅನ್ನುವ ಅನಿಸಿಕೆಗೂ "ಇವರೇ ನನಗೆ ಸರಿ" ಅನ್ನುವುದಕ್ಕೂ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಆದರೆ ನಮ್ಮ ಮಾತನ್ನು ಯಾರು ಕೇಳಿಸಿಕೊಳ್ಳುತ್ತಾರೆ, ಯಾರು ಕೇಳಿಸಿಕೊಂಡ ಹಾಗೆ ಮಾಡುತ್ತಾರೆ ಅನ್ನೋದನ್ನು ನಾವು ಚಿಕ್ಕಂದಿನಿಂದ ನೋಡುತ್ತಲೇ ಬೆಳೆದಿದ್ದೇವೆ. ಮನಸ್ಸು ಅಂಥ ಏನನ್ನೋ ಕಂಡು ಹಿಂಜರಿಯುತ್ತಿದ್ದರೆ ಎರಡು ವಾರ ಸಮಯ ಕೇಳಿ. ಮತ್ತೆ ಭೇಟಿಯಾಗಿ, ಬೇರೆ ಜಾಗದಲ್ಲಿ, ಬೇರೆ ಜನರ ನಡುವೆ. ಮೊದಲ ಸಲ ಕಂಡದ್ದು ಮತ್ತೆ ಕಾಣುತ್ತದಾ ನೋಡಿ. ಸಮಯ ಕೇಳಿದ್ದಕ್ಕೇ ಅವರು ಸಿಡುಕಿದರೆ ಅದನ್ನು ಬಿಡಿಸಿ ಹೇಳೋಕೆ ಒಳಮನಸ್ಸೇ ಬೇಕಿಲ್ಲ.