ಹನ್ನೊಂದು ಕಾಲು

ನಮ್ಮ ಮನೆಯ ಓವನ್ ಮೂರು ವರ್ಷ ಪಾತ್ರೆ ಬೀರು ಆಗಿತ್ತು. ಒಳಗೆ ಎರಡು ಬಾಣಲೆ, ಒಂದು ದೋಸೆ ಹೆಂಚು, ಊರಿಂದ ಹೊತ್ತು ತಂದ ಇಡ್ಲಿ ತಟ್ಟೆಗಳು. ಅಮೆರಿಕದ ಕೊಲಂಬಸ್ ಊರಲ್ಲಿ ನಮಗೆ ಗೊತ್ತಿರೋ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಒಲೆಯ ಕೆಳಗೆ ಅಷ್ಟು ದೊಡ್ಡ ಪೆಟ್ಟಿಗೆ ಇಟ್ಟುಕೊಟ್ಟರೆ ಖಾಲಿ ಬಿಡೋ ಜನವಾ ನಾವು?

ಅದಕ್ಕೆ ನಿಜವಾದ ಕೆಲಸ ಸಿಕ್ಕಿದ್ದು ಹೋದ ವರ್ಷ ಜನವರಿಯ ಒಂದು ಶನಿವಾರ. ಹಿಂದಿನ ದಿನ ಹಾಲು ತರೋಕೆ ಅಂತ ಹೋದ ಇವರು, ಹಾಲು ಮರೆತು, ಹತ್ತು ಪೌಂಡಿನ ಕೋಳಿ ಚೀಲ ಹೊತ್ತುಕೊಂಡು ಬಂದರು. ನಾಲ್ಕೂವರೆ ಕೆ.ಜಿ. "ಪೌಂಡಿಗೆ ಒಂದು ಡಾಲರೂ ಇಲ್ಲ ಕಣೇ" ಅಂದರು. ಚೀಲದ ಮೇಲೆ ಲೆಗ್ ಕ್ವಾರ್ಟರ್ಸ್ ಅಂತ ಬರೆದಿತ್ತು. ಎಣಿಸಿದೆ. 11 ಇದ್ದವು. ಅಂದರೆ ಐದೂವರೆ ಕೋಳಿ. ಉಳಿದ ಅರ್ಧ ಯಾರ ಚೀಲಕ್ಕೆ ಹೋಯ್ತೋ.

ಲೆಗ್ ಕ್ವಾರ್ಟರ್ ಅಂದರೆ ನಾವು ಬಿರಿಯಾನಿಯಲ್ಲಿ ಹುಡುಕೋ ಲೆಗ್ ಪೀಸ್ ಮಾತ್ರ ಅಲ್ಲ. ಕೋಳಿಯನ್ನು ನಾಲ್ಕು ಪಾಲು ಮಾಡಿದರೆ ಹಿಂದಿನ ಒಂದು ಪಾಲು. ಕೆಳಗಿನ ಕಾಲು, ಮೇಲಿನ ತೊಡೆ, ತೊಡೆಗೆ ಅಂಟಿಕೊಂಡ ಬೆನ್ನಿನ ತುಂಡು, ಮೇಲೆ ಪೂರ್ತಿ ಚರ್ಮ. ಲೆಗ್ಗೂ ಕಾಲೇ, ಕ್ವಾರ್ಟರೂ ಕಾಲೇ. ಕನ್ನಡದಲ್ಲಿ 'ಕಾಲು ಕಾಲು' ಅಂದುಬಿಟ್ಟರೆ ಆಯ್ತು.

ಅವ್ವ ಆಗ ನಮ್ಮ ಜೊತೆಗೇ ಇದ್ದಳು. ಆರು ತಿಂಗಳಿಗೆ ಅಂತ ಬಂದು ಎರಡು ತಿಂಗಳಾಗಿತ್ತು. ಮದ್ದೂರಿನ ಹತ್ತಿರದ ಹಳ್ಳಿಯಿಂದ ನೇರವಾಗಿ ಹಿಮಕ್ಕೆ. ಚೀಲದೊಳಗೆ ಇಣುಕಿ, "ಬರೀ ಕಾಲೇ ಮಾರ್ತಾರಾ? ಮಿಕ್ಕಿದ್ ಕ್ವಾಳಿ ಎಲ್ಲೋಯ್ತು?" ಅಂದಳು.

ಮಿಕ್ಕಿದ್ದಕ್ಕೇ ಇಲ್ಲಿ ಬೆಲೆ ಜಾಸ್ತಿ ಅಂತ ಇವರು ವಿವರಿಸೋಕೆ ಶುರು ಮಾಡಿದರು. ಅಮೆರಿಕದವರಿಗೆ ಎದೆ ಮಾಂಸದ ಮೇಲೇ ಕಣ್ಣು. ಕಾಲು ರಾಶಿ ರಾಶಿ ಉಳಿಯುತ್ತೆ, ಹೊರದೇಶಕ್ಕೆ ಹೋಗುತ್ತೆ. 1990ರ ಸುಮಾರಿಗೆ ರಷ್ಯಾಕ್ಕೆ ಎಷ್ಟು ಹೋಯ್ತು ಅಂದರೆ ಅಲ್ಲಿನ ಜನ ಅದನ್ನ 'ಬುಷ್ ಕಾಲು' ಅಂತ ಕರೆದರು, ಆಗಿನ ಅಧ್ಯಕ್ಷರ ಹೆಸರಲ್ಲಿ. ನಮ್ಮ ದೇಶ 2007ರಿಂದ ಹಕ್ಕಿಜ್ವರದ ಕಾರಣ ಕೊಟ್ಟು ಅಮೆರಿಕದ ಕೋಳಿ ಒಳಗೆ ಬಿಡಲಿಲ್ಲ. 2012ರಲ್ಲಿ ಅಮೆರಿಕದವರು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟರು. 2015ರಲ್ಲಿ ಮೇಲ್ಮನವಿಯಲ್ಲೂ ನಾವೇ ಸೋತೆವು. ಅವ್ವ ಬೆಳ್ಳುಳ್ಳಿ ಬಿಡಿಸ್ತಾ ಎಲ್ಲ ಕೇಳಿಸಿಕೊಂಡು, "ನಮ್ ಕ್ವಾಳಿಗೆ ಕಾಲಿಲ್ವಾ?" ಅಂದಳು. ಇವರ ಉಪನ್ಯಾಸ ಅಲ್ಲಿಗೆ ನಿಂತಿತು.

ನಮ್ಮ ಮನೆಯಲ್ಲಿ ಕಾಲಿನ ರಾಜಕೀಯ ಬೇರೆ ಥರ ಇತ್ತು. ನಾವು ಏಳು ಜನ, ಕೋಳಿಗೆ ಕಾಲು ಎರಡೇ. ನೆಂಟರು ಬಂದಿದ್ದರೆ ಒಂದು ಅವರಿಗೆ, ಇನ್ನೊಂದು ಅಣ್ಣನಿಗೆ. ಅಕ್ಕನ ಮದುವೆ ಆದಮೇಲೆ ಭಾವ ಬಂದರೆ ಎರಡೂ ಭಾವನಿಗೇ. ನನಗೆ ರೆಕ್ಕೆ, ಇಲ್ಲ ಅಂದ್ರೆ ಎದೆಯ ಬಿಳಿ ತುಂಡು, ಮುದ್ದೆ ಜೊತೆ ಗಂಟಲಲ್ಲಿ ಇಳಿಯದ್ದು. ಎಲ್ಲರದ್ದೂ ಆದಮೇಲೆ ಅವ್ವ ಒಲೆ ಮುಂದೆ ಕೂತು ಬೆನ್ನು ಚೀಪೋಳು. ಸಾರಿನಲ್ಲಿ ಉಳಿದ ತುಂಡೆಲ್ಲ ಸಣ್ಣ ಸಣ್ಣ, ಬೆನ್ನು ಮಾತ್ರ ದೊಡ್ಡದು. ಕೋಳಿ ಕುಯ್ಯೋಳು ಅವ್ವನೇ. ಯಾಕೆ ಹಾಗೆ ಅಂತ ಯಾರೂ ಕೇಳಲಿಲ್ಲ. ಅಮ್ಮಂದಿರ ದಿನಕ್ಕೆ ನಾನು ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಇದನ್ನೇ ಬರೆದಿದ್ದೆ. 'ನಮಗೆ ಮಾಂಸ, ಅವಳಿಗೆ ಮೂಳೆ' ಅಂತೆಲ್ಲ. ಎಂಬತ್ತು ಜನ ಹೃದಯ ಒತ್ತಿದ್ದರು.

ಶನಿವಾರ ರಾತ್ರಿ ಊಟಕ್ಕೆ ದಾವಣಗೆರೆ ಕಡೆಯ ಸ್ನೇಹಿತರ ಮನೆಯವರು ನಾಲ್ಕು ಜನ ಬರೋರಿದ್ದರು. ಹನ್ನೊಂದಕ್ಕೆ ಹನ್ನೊಂದೂ ಓವನ್ನಿನಲ್ಲಿ ಸುಡೋದು ಅಂತ ತೀರ್ಮಾನಿಸಿದೆ. ಶುಕ್ರವಾರ ರಾತ್ರಿ ಒಂದೊಂದನ್ನೂ ಕಾಗದದ ಟವೆಲ್ಲಿನಲ್ಲಿ ಒತ್ತಿ ಒರೆಸಿ, ಉಪ್ಪು ಸವರಿ, ತಟ್ಟೆಯಲ್ಲಿ ಹರಡಿ, ಮುಚ್ಚದೆ ಫ್ರಿಜ್ಜಿನಲ್ಲಿಟ್ಟೆ. ಹೀಗೆ ಮಾಡಿದರೆ ಉಪ್ಪು ಒಳಗಿಳಿಯುತ್ತೆ, ಚರ್ಮ ಒಣಗುತ್ತೆ. ಒದ್ದೆ ಚರ್ಮ ಓವನ್ನಿನಲ್ಲಿ ಮೊದಲು ಬೇಯುತ್ತೆ, ಆಮೇಲೆ ರಬ್ಬರ್ ಆಗುತ್ತೆ. ಒಣಗಿದ ಚರ್ಮ ಹಪ್ಪಳ ಆಗುತ್ತೆ.

ಒಂದೆರಡು ಕಾಲಿಗೆ ಅಂಟಿದ್ದ ಬೆನ್ನಿನ ತುಂಡನ್ನ ಕತ್ತರಿಯಲ್ಲಿ ಕತ್ತರಿಸಿಯೂ ಬಿಟ್ಟಿದ್ದೆ, ನೋಡೋಕೆ ಚೆನ್ನಾಗಿರಲಿ ಅಂತ. ಅವ್ವ ಬಂದು ಕೈ ಹಿಡಿದಳು. "ಯಾಕ್ ಕುಯ್ತಿದೀಯ? ಅಂಗೇ ಬುಡು." ದನಿ ಸ್ವಲ್ಪ ಜೋರಾಗೇ ಇತ್ತು. ಉಳಿತಾಯದ ಬುದ್ಧಿ ಎಲ್ಲಿ ಹೋಗುತ್ತೆ ಅಂದುಕೊಂಡು ಸುಮ್ನಾದೆ.

ಬೆಳಿಗ್ಗೆ ಎದ್ದು ನೋಡ್ತೀನಿ, ಹನ್ನೊಂದೂ ಕಾಲು ಸಿಂಕಿನಲ್ಲಿ. ಅವ್ವ ಅರಿಶಿನ ಹಾಕಿ ತಿಕ್ಕಿ ತಿಕ್ಕಿ ತೊಳೀತಿದ್ದಾಳೆ.

"ಅವ್ವ! ಇಲ್ಲಿ ಕೋಳಿ ತೊಳೀಬಾರದು ಅಂತಾರೆ!"

"ಯಾರಂತಾರೆ?"

"ಸರ್ಕಾರದೋರು. ಕೃಷಿ ಇಲಾಖೆಯೋರು."

"ತೊಳೀದೆ ತಿನ್ನಕ್ಕೆ ನಾವೇನ್ ನರಿಗಳಾ?"

ಹಸಿ ಕೋಳಿ ತೊಳೆದರೆ ನೀರಿನ ಹನಿ ಜೊತೆ ರೋಗಾಣು ಸಿಂಕಿಗೂ ಪಕ್ಕದ ಪಾತ್ರೆಗೂ ಹಾರುತ್ತೆ, ಅವು ಸಾಯೋದು ಶಾಖಕ್ಕೆ, ನೀರಿಗಲ್ಲ. ಇದು ಸರಿಯಾದ ಮಾತೇ. ನಾನೂ ಹೇಳಿದೆ. ಆದರೆ ರಾತ್ರಿಯೆಲ್ಲ ಒಣಗಿಸಿದ ಹನ್ನೊಂದು ಕಾಲು ನೀರು ಸೋರಿಸ್ತಾ ಕೂತಿರುವಾಗ ವಾದ ಗೆದ್ದು ಏನು ಮಾಡೋದು? ಸಿಂಕು ಸೋಪು ಹಾಕಿ ಉಜ್ಜಿದೆ. ಒಂದು ಸುರುಳಿ ಕಾಗದದ ಟವೆಲ್ ಖಾಲಿ ಮಾಡಿ ಮತ್ತೆ ಒರೆಸಿದೆ. ಮತ್ತೆ ಉಪ್ಪು. ಮತ್ತೆ ಫ್ರಿಜ್ಜು.

ಆಮೇಲೆ ಓವನ್ ಖಾಲಿ ಮಾಡಿದೆ. ಬಾಣಲೆ, ಹೆಂಚು, ತಟ್ಟೆ, ಎಲ್ಲ ಹೊರಗೆ. ಸಂಜೆ ನಾಲ್ಕೂವರೆಗೆ 425 ಡಿಗ್ರಿಗೆ ಇಟ್ಟು ಬಿಸಿಯಾಗೋಕೆ ಬಿಟ್ಟೆ. ಅದು ಫ್ಯಾರನ್‌ಹೀಟ್ ಲೆಕ್ಕ, ಸೆಲ್ಸಿಯಸ್‌ನಲ್ಲಿ ಸುಮಾರು 220. ಹತ್ತು ನಿಮಿಷ ಆಗಿಲ್ಲ, ಮನೆಯಲ್ಲೆಲ್ಲ ಒಂಥರಾ ಕಮಟು. ಇನ್ನೆರಡು ನಿಮಿಷಕ್ಕೆ ಹೊಗೆ ಗಂಟೆ ಕಿರುಚೋಕೆ ಶುರು.

ಓವನ್ನಿನ ಬಾಗಿಲು ತೆಗೆದರೆ ಒಳಗೆ ನಮ್ಮ ಹಾಟ್‌ಬಾಕ್ಸು. ಹಸಿರು ಪ್ಲಾಸ್ಟಿಕ್ಕಿಂದು. ಅರ್ಧ ಕರಗಿ ಕಂಬಿಯ ಮೇಲಿಂದ ಜೇನಿನ ಹಾಗೆ ಇಳೀತಿದೆ. ಒಳಗೆ ಬೆಳಗಿನ ಮೂರು ಅಕ್ಕಿರೊಟ್ಟಿ.

"ಬೀರು ಖಾಲಿ ಇತ್ತಲ್ಲ, ಮಡಗ್ದೆ" ಅಂದಳು ಅವ್ವ.

ತಪ್ಪು ಅವಳದ್ದಲ್ಲ. ಎರಡು ತಿಂಗಳಿಂದ ಅದನ್ನ ಬೀರು ಅಂತ ತೋರಿಸಿದ್ದು ನಾನೇ. ಇವರು ಕುರ್ಚಿ ಮೇಲೆ ಹತ್ತಿ ಹೊಗೆ ಗಂಟೆಗೆ ಟವೆಲ್ ಬೀಸ್ತಿದ್ದರು. ಮಗಳು ಕಿವಿ ಮುಚ್ಚಿಕೊಂಡು ನಗ್ತಿದ್ದಳು. ಹೊರಗೆ ಮೈನಸ್ ಎಂಟು ಡಿಗ್ರಿ, ಒಳಗೆ ಕಿಟಕಿಯೆಲ್ಲ ತೆಗೆದು ನಾವು ಕೋಟು ಹಾಕಿಕೊಂಡು ನಿಂತಿದ್ದೆವು. ಅವ್ವ ಮಾತ್ರ ಆ ಗದ್ದಲದಲ್ಲಿ ರೊಟ್ಟಿ ಹೋಯ್ತಲ್ಲ ಅಂತ ಕೊರಗ್ತಿದ್ದಳು.

ಓವನ್ ಸ್ವಲ್ಪ ಆರಿದ ಮೇಲೆ ಅವ್ವನೇ ದಾರಿ ತೋರಿಸಿದಳು. "ಆ ಕಂಬಿ ತಗ್ದು ಹಿಮದೊಳಕ್ಕೆ ಹೂಳು." ಬಾಲ್ಕನಿಯ ಹಿಮದಲ್ಲಿ ಹದಿನೈದು ನಿಮಿಷ ಹೂತಿಟ್ಟೆವು. ಪ್ಲಾಸ್ಟಿಕ್ ಗಾಜಿನ ಹಾಗಾಗಿ ಚಟ್ ಚಟ್ ಅಂತ ಮುರಿದು ಬಂತು. ಕೆಳಗೆ ಬಿದ್ದಿದ್ದ ಎರಡು ಹನಿಯನ್ನ ದೋಸೆ ಮಗುಚೋ ಕೈಯಲ್ಲಿ ಕೆರೆದೆ. ವಾಸನೆ ಹೋಗೋವರೆಗೂ ಓವನ್ ಸುಮ್ನೆ ಉರಿಸಿದೆ. ಕಾಲುಗಳು ಒಳಗೆ ಹೋದಾಗ ಆರು ಗಂಟೆ. ಏಳಕ್ಕೆ ಬರ್ತೀವಿ ಅಂದಿದ್ದರು ಅವರು.

ಎರಡು ತಟ್ಟೆ ಮಾಡಿದ್ದೆ. ಒಂದಕ್ಕೆ ಎಣ್ಣೆ, ಜಜ್ಜಿದ ಮೆಣಸು, ಬೆಳ್ಳುಳ್ಳಿ ಪುಡಿ, ಅಷ್ಟೇ. ಇನ್ನೊಂದಕ್ಕೆ ಅವ್ವನ ಮಸಾಲೆ. ಧನಿಯ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಶುಂಠಿ, ಬೆಳ್ಳುಳ್ಳಿ, ಎಲ್ಲ ನುಣ್ಣಗೆ ರುಬ್ಬಿದ್ದು. ಹಸಿ ಮಸಾಲೆಯನ್ನ ಮೇಲೆ ಬಳಿದರೆ ಆ ಉರಿಗೆ ಕರಿಯಾಗುತ್ತೆ, ಚರ್ಮವೂ ಗರಿಯಾಗಲ್ಲ. ಇದನ್ನ ಅವ್ವನಿಗೆ ಹೇಳೋಕೆ ಧೈರ್ಯ ಬರಲಿಲ್ಲ. ಆದರೆ ಅವಳು ಮೇಲೆ ಬಳಿಯಲೇ ಇಲ್ಲ. ಚರ್ಮ ಎತ್ತಿ, ಬೆರಳು ಒಳಗೆ ಹಾಕಿ, ಮಸಾಲೆಯನ್ನ ಚರ್ಮದ ಕೆಳಗೆ ತುರುಕಿದಳು. ಯಾವ ಯೂಟ್ಯೂಬ್ ನೋಡಿದ್ದಳೋ! ಎರಡು ತಟ್ಟೆಯಲ್ಲೂ ಕಾಲುಗಳ ಕೆಳಗೆ ಆಲೂಗಡ್ಡೆ ಹೋಳು ಹರಡಿದೆ. ಕೋಳಿಯಿಂದ ಇಳಿಯೋ ಕೊಬ್ಬು ಎಲ್ಲಾದರೂ ಬೀಳಲೇಬೇಕಲ್ಲ.

ಅರ್ಧ ಗಂಟೆಗೆ ಚರ್ಮ ಚಟಪಟ ಅನ್ನೋಕೆ ಶುರುವಾಯ್ತು. ಅವ್ವ ಗಾಳಿ ಎಳೆದುಕೊಂಡು, "ಕ್ವಾಳಿ ಸುಡ್ತಿರೋ ವಾಸ್ನೆ" ಅಂದಳು. ಊರಲ್ಲಿ ಪುಕ್ಕ ಕಿತ್ತ ಕೋಳಿಗೆ ಅರಿಶಿನ ಸವರಿ ಹುಲ್ಲಿನ ಉರಿಯಲ್ಲಿ ತಿರುಗಿಸ್ತಾರೆ. ಚರ್ಮ ಬಿಸಾಡೋ ಮಾತೇ ಇಲ್ಲ. ಬೆಂಗಳೂರಿಗೆ ಬಂದು 'ವಿತ್ ಸ್ಕಿನ್, ವಿತೌಟ್ ಸ್ಕಿನ್' ಅಂತ ಎರಡು ರೇಟು ಬರೆದ ಬೋರ್ಡು ನೋಡಿದ ಮೇಲೆ ಚರ್ಮ ಬಿಟ್ಟಿದ್ದು ನಾನು.

ಐವತ್ತು ನಿಮಿಷಕ್ಕೆ ಮಾಂಸದ ಥರ್ಮಾಮೀಟರ್ ಚುಚ್ಚಿದೆ. 168. ಇಲ್ಲಿ ಕೋಳಿಗೆ 165 ಡಿಗ್ರಿ ಬಂದರೆ ಸಾಕು ಅಂತ ನಿಯಮ, ಅಂದರೆ 74 ಸೆಲ್ಸಿಯಸ್. ಆಯ್ತು ಅಂದೆ. ಅವ್ವ ಬರಿಗೈಯಲ್ಲಿ ಕಾಲಿನ ತುದಿ ಹಿಡಿದು ಅಲ್ಲಾಡಿಸಿದಳು. "ಕೀಲು ಬುಟ್ಟಿಲ್ಲ. ಇನ್ನೂ ಆಗ್ಬೇಕು." ಒಂದನ್ನ ಸೀಳಿದರೆ ಮೂಳೆಯ ಹತ್ತಿರ ಕೆಂಪಗಿತ್ತು.

ಆ ಕೆಂಪು ಬೇಯದ್ದಕ್ಕಲ್ಲ. ಅಂಗಡಿ ಕೋಳಿ ಆರೇಳು ವಾರದ್ದು. ಮೂಳೆ ಇನ್ನೂ ಗಟ್ಟಿಯಾಗಿರಲ್ಲ, ಒಳಗಿನ ಮಜ್ಜೆಯ ಬಣ್ಣ ಹೊರಗೆ ಇಳಿಯುತ್ತೆ. ಹೇಳಿದೆ. "ಏಳು ವಾರನಾ?" ಅಂತ ಅವ್ವ ಬಾಯ ಮೇಲೆ ಕೈ ಇಟ್ಟಳು. "ನಮ್ಮೂರಲ್ಲಿ ಆ ವಯಸ್ಸಿಗೆ ಇನ್ನೂ ಮರಿಗಳು ಕಣೇ." ಆದರೆ ಅವಳ ಕೀಲಿನ ಲೆಕ್ಕ ನನ್ನ ಥರ್ಮಾಮೀಟರಿಗಿಂತ ಸರಿ ಇತ್ತು. ಎದೆ ಮಾಂಸ 165ಕ್ಕೆ ಮುಗೀತು, ಮುಂದೆ ಹೋದರೆ ಒಣ ಹತ್ತಿ. ತೊಡೆಯಲ್ಲಿ ನಾರು ಜಾಸ್ತಿ. ಅದು ಕರಗಿ ಅಂಟಂಟಾಗೋಕೆ 180 ದಾಟಬೇಕು. ಕಾಲು ಸೂಪ್ ಕುಡಿದರೆ ತುಟಿ ಅಂಟುತ್ತಲ್ಲ, ಅದೇ ಅಂಟು. ಮತ್ತೆ ಹದಿನೈದು ನಿಮಿಷ ಒಳಗಿಟ್ಟೆ. ತೆಗೆದಾಗ 187 ತೋರಿಸ್ತು. ಅವ್ವ ಅಲ್ಲಾಡಿಸಿದಳು. ಕಾಲು ತಿರುಗಿತು. "ಈಗಾಯ್ತು."

ಮೊದಲ ತಟ್ಟೆಯ ಕಾಲುಗಳ ಚರ್ಮ ನಿಜವಾಗಿಯೂ ಹಪ್ಪಳ ಆಗಿತ್ತು. ಅವ್ವನ ತಟ್ಟೆಯದ್ದು ಅಷ್ಟು ಗರಿಯಾಗಲಿಲ್ಲ, ಆದರೆ ಮಕ್ಕಳು ಸಮೇತ ಎಲ್ಲರೂ ಅದನ್ನೇ ಎರಡನೇ ಸಲ ಮುಟ್ಟಿ ನೋಡಿದರು. ಆಲೂಗಡ್ಡೆ ಮೊದಲು ಖಾಲಿಯಾಯ್ತು. ಎಂಟು ಜನಕ್ಕೂ ಒಂದೊಂದು ಪೂರ್ತಿ ಕಾಲು. ಯಾರಿಗೆ ಯಾವುದು ಅನ್ನೋ ಮಾತೇ ಬರಲಿಲ್ಲ. ನನಗಂತೂ ನಲವತ್ತು ವರ್ಷದ ಬಾಕಿ ವಸೂಲಾದ ಹಾಗಿತ್ತು.

ಅವ್ವನ ತಟ್ಟೆಗೆ ಎಲ್ಲಕ್ಕಿಂತ ದೊಡ್ಡದನ್ನ ನಾನೇ ಹಾಕಿದ್ದೆ. ಅವಳು ಅದನ್ನ ಮಗುಚಿ ಹಾಕಿಕೊಂಡು ಬೆನ್ನಿನ ಕಡೆಯಿಂದ ಶುರು ಮಾಡಿದಳು. ನನಗೆ ತಡೆಯೋಕಾಗಲಿಲ್ಲ.

"ಅವ್ವ, ಇವತ್ತಾದ್ರೂ ಬೆನ್ನು ಬಿಡು. ಕಾಲು ತಿನ್ನು. ಇನ್ನೂ ಮೂರು ಉಳಿದಿವೆ."

ಅವ್ವ ನನ್ನ ಮುಖ ನೋಡಿದಳು. ಹೆಬ್ಬೆರಳನ್ನ ಬೆನ್ನುಮೂಳೆಯ ಪಕ್ಕದ ಸಣ್ಣ ಗುಳಿಗೆ ಹಾಕಿ ಒತ್ತಿದಳು. ದುಂಡಗಿನ ಒಂದು ತುಂಡು ಮಾಂಸ ಪುಳಕ್ಕನೆ ಈಚೆ ಬಂತು. ಅಡಿಕೆಗಿಂತ ಸ್ವಲ್ಪ ದೊಡ್ಡದು.

"ಇದಕ್ಕೆ ಕಣೇ" ಅಂದಳು. "ಕ್ವಾಳಿಗೆ ಇದೂ ಎರಡೇ ಇರೋದು. ನಿಮ್ಮಪ್ಪಂಗೂ ಗೊತ್ತಿರ್ನಿಲ್ಲ."

ಬಾಯಿಗೆ ಹಾಕಿಕೊಂಡಳು. ನನಗೆ ಕೊಡಲಿಲ್ಲ.

ನನ್ನ ತಟ್ಟೆಯಲ್ಲಿದ್ದಿದ್ದು ನಾನೇ ಬೆನ್ನು ಕತ್ತರಿಸಿದ್ದ ಕಾಲು. ಫ್ರೆಂಚರು ಆ ತುಂಡಿಗೆ 'ಪೆದ್ದ ಬಿಟ್ಟುಹೋಗೋದು' ಅನ್ನೋ ಅರ್ಥದ ಹೆಸರಿಟ್ಟಿದ್ದಾರೆ ಅಂತ ಆಮೇಲೆ ಓದಿದೆ. ಆ ಹೊತ್ತಿಗೆ ಗೊತ್ತಿಲ್ಲದ್ದೇ ಒಳ್ಳೇದಾಯ್ತು.

ಸ್ನೇಹಿತರು ಹೋದಾಗ ಹನ್ನೊಂದು ಗಂಟೆ. ಎಲ್ಲರೂ ಮಲಗಿದ ಮೇಲೆ, ಸುಮ್ನೆ, ಫ್ರಿಜ್ಜು ತೆಗೆದೆ. ಡಬ್ಬಿಯಲ್ಲಿ ಮೂರು ಕಾಲು ಹಾಗೇ ಇದ್ದವು. ಒಂದನ್ನ ಎತ್ತಿ ತಿರುಗಿಸಿ ನೋಡಿದೆ. ಇನ್ನೆರಡನ್ನೂ ತಿರುಗಿಸಿದೆ.

ಮೂರರ ಗುಳಿಯೂ ಖಾಲಿ.