ಅಟ್ಟ ಹತ್ತಿದ ಹಂಡೆ

"ಅಟ್ಟದ ಮೇಲೆ ಹಂಡೆ ಕೂರಿಸಿದ್ಯೇನೋ? ಸೌದೆ ಯಾರು ಹೊರ್ತಾರೆ?" ತೀರ್ಥಹಳ್ಳಿಯಿಂದ ವಿಡಿಯೋ ಕಾಲ್‌ನಲ್ಲಿ ಅಮ್ಮನ ಪ್ರಶ್ನೆ.

ಹೆಚ್ಚುಕಮ್ಮಿ ಹಂಡೆಯೇ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಮ್ಮದು ಪುಟ್ಟ ಮನೆ. ಅಡುಗೆಮನೆಯ ಹಳೇ ಬಾಯ್ಲರ್ ಕೆಟ್ಟಿತು. ಹೊಸದನ್ನು ಲಾಫ್ಟ್‌ಗೆ, ಅಂದರೆ ಅಟ್ಟಕ್ಕೆ, ಏರಿಸಿದರೆ ಮಸಾಲೆ ಡಬ್ಬಿಗಳಿಗೆ ಒಂದು ಕಪಾಟು ಸಿಗುತ್ತದೆ ಅನ್ನೋದು ನನ್ನ ಲೆಕ್ಕ. ಕಾಂಬಿ ಬಾಯ್ಲರ್ ಅದು. ನಲ್ಲಿಯ ಬಿಸಿನೀರಿಗೂ ಅದೇ, ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗೂ ಅದೇ.

ಇಲ್ಲಿ ಗ್ಯಾಸ್ ಕೆಲಸಕ್ಕೆ ಗ್ಯಾಸ್ ಸೇಫ್ ಅನ್ನೋ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇರುವವರೇ ಬೇಕು. ಬಂದಾತ ಬಾಯ್ಲರ್ ಮಾತೇ ಎತ್ತಲಿಲ್ಲ. ಟಾರ್ಚ್ ಹಿಡಿದು ಅಟ್ಟದೊಳಗೆ ತಲೆ ತೂರಿಸಿ ನೋಡಿ, "ಮೊದಲು ಏಣಿ, ದೀಪ, ನೆಲ" ಅಂದ. ಏಣಿ ಅಲ್ಲೇ ಕಾಯಂ ಆಗಿ ಕೂರಿಸಿರಬೇಕು. ದೀಪವೂ ಅಷ್ಟೇ. ಹತ್ತುವ ಕಂಡಿಯಿಂದ ಬಾಯ್ಲರ್‌ವರೆಗೆ ಹಲಗೆ, ಕಂಡಿಯ ಪಕ್ಕ ಕಟಕಟೆ. ವರ್ಷಕ್ಕೊಮ್ಮೆ ಸರ್ವಿಸ್‌ಗೆ ಬರುವವನು ತೊಲೆಗಳ ಮೇಲೆ ಸರ್ಕಸ್ ಮಾಡಬಾರದಲ್ವಾ? ಹೆಜ್ಜೆ ತಪ್ಪಿದರೆ ಕಾಲು ತೆಳು ಸೀಲಿಂಗ್ ತೂರಿ ನೇರ ನಮ್ಮ ಮಲಗುವ ಕೋಣೆಗೆ! ಬಾಯ್ಲರನ್ನು ಇಟ್ಟಿಗೆ ಗೋಡೆಗೇ ತಗುಲಿಹಾಕಿದ. ಮರಕ್ಕೆ ಹಾಕಿದರೆ ರಾತ್ರಿ ಗುಂಯ್ ಅನ್ನುತ್ತಂತೆ. ಬಾಯ್ಲರ್ ಕೂರಿಸಿದ್ದು ಒಂದು ದಿನ, ಅಟ್ಟ ಸಿದ್ಧ ಮಾಡಿದ್ದು ಮೂರು ದಿನ.

ಊರಲ್ಲಿ ಅಟ್ಟ ಅಂದರೆ ಒಲೆಯ ಹೊಗೆಗೆ ಬೆಚ್ಚಗಿರುವ ಜಾಗ. ಇಲ್ಲಿ ತದ್ವಿರುದ್ಧ. ಕೆಳಗಿನ ಶಾಖ ಮೇಲೇರದಂತೆ ಸುಮಾರು 270 ಮಿ.ಮೀ. ದಪ್ಪಕ್ಕೆ ಉಣ್ಣೆಯಂಥ ಹಾಸು ಹಾಕಿರುತ್ತಾರೆ. ಹಾಸು ದಪ್ಪವಾದಷ್ಟೂ ಅಟ್ಟ ಕೊರೆಯುತ್ತದೆ. ಆ ಹಾಸನ್ನು ಅದುಮಬಾರದು ಅಂತ ಹಲಗೆಗಳಿಗೂ ಕಾಲು ಕೊಟ್ಟು ಎತ್ತರಿಸಬೇಕಾಯಿತು. ಈಗಿನ ಬಾಯ್ಲರ್‌ಗಳು ಹೊಗೆಯೊಳಗಿನ ಹಬೆಯ ಶಾಖವನ್ನೂ ಹಿಂಡಿಕೊಳ್ಳುತ್ತವೆ. ಆ ಹಬೆ ನೀರಾಗಿ ಒಂದು ಪೈಪಿನಲ್ಲಿ ಇಳಿಯುತ್ತದೆ. ಪೈಪು ಹೆಪ್ಪುಗಟ್ಟಿತೋ, ಬಾಯ್ಲರ್ ಬಂದ್. ಅದೂ ಚಳಿ ಜಾಸ್ತಿ ಇರೋ ದಿನವೇ. ಹಾಗಾಗಿ ನಮ್ಮ ಪೈಪನ್ನು ಹೊರಗೆ ಬಿಡದೆ, ಬಟ್ಟೆ ಸುತ್ತಿದ ಮಗುವಿನ ಹಾಗೆ ಸುತ್ತಿ ಮನೆಯೊಳಗಿಂದಲೇ ಇಳಿಸಿದ್ದಾರೆ.

ಕಪಾಟೇನೋ ಬಂತು. ಆದರೆ ಬಾಯ್ಲರ್‌ನಲ್ಲಿ ನೀರಿನ ಒತ್ತಡ ತೋರಿಸುವ ಮುಳ್ಳು 1 ಬಾರ್‌ಗಿಂತ (ಬಾರ್ ಅಂದರೆ ಒತ್ತಡದ ಅಳತೆ) ಕೆಳಗಿಳಿದರೆ ನೀರು ತುಂಬಲು ನಾನೇ ಹತ್ತಬೇಕು. ಮೊನ್ನೆ ಸ್ವೆಟರ್, ಮಂಕಿ ಟೋಪಿ ಹಾಕಿಕೊಂಡು ಹತ್ತಿದ್ದೆ. ಕೆಳಗಿಂದ ಹೆಂಡತಿ ಕೂಗಿದಳು: "ಹೇಗೂ ಹತ್ತಿದ್ದೀರಲ್ಲ, ಆ ದೊಡ್ಡ ಸೂಟ್‌ಕೇಸೂ ಇಳಿಸಿಬಿಡಿ!"